ಕತ್ತರಿ ಇಟ್ಟ ಹಾಡು

ನನ್ನ ಬಾಯಿ ಒಳ್ಳೆಯದಲ್ಲ ಎಂಬುದು ರಾಟರ್‌ಡ್ಯಾಮಿನ ಅರ್ಧ ಊರಿಗೆ ಗೊತ್ತು. ಉಳಿದರ್ಧ ಊರು ನಮ್ಮ ರೇಡಿಯೋ ಕೇಳುವುದಿಲ್ಲ, ಅದು ಅವರ ಕರ್ಮ. ರೇಡಿಯೋ ಕಾಡೆ ಎಂಬ ನಮ್ಮ ಪುಟ್ಟ ಸ್ಟೇಷನ್ನಿನಲ್ಲಿ ನಾನು, ಕೇಪ್ ವರ್ಡ್ ದ್ವೀಪಗಳಿಂದ ಈ ಊರಿಗೆ ಬಂದ ಜುಲ್ಮಿರಾ ಟವಾರೆಸ್, ತಲೆಗೂದಲು ಕಪ್ಪಗಿದ್ದ ಕಾಲದಿಂದ ಹಾಡುಗಳಿಗೆ ಅಂಕ ಕೊಡುತ್ತಾ ಬಂದವಳು. ಪಾಪ್ ಆಗಲಿ, ಹಿಪ್-ಹಾಪ್ ಆಗಲಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತೇನೆ. ಇಲ್ಲದಿದ್ದರೆ ಯಾಕೆ ಚೆನ್ನಾಗಿಲ್ಲ ಎಂದು ಹಾಡಿದವನ ಅಜ್ಜಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ. ಇದಕ್ಕೆಂದೇ ನನಗೆ ಅಭಿಮಾನಿಗಳಿದ್ದಾರೆ, ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ.

ನನಗೊಬ್ಬಳು ಮಗಳು. ಇವಾನಿಲ್ಡಾ ಎಂದು ಹೆಸರು, ಮನೆಯಲ್ಲಿ ನಿಲ್ಡಾ. ಕಳೆದ ಫೆಬ್ರವರಿಯಲ್ಲಿ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ತಾನೇ ಬರೆದ ಹಾಡೊಂದನ್ನು ಹಾಡಿದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹಾಡು ಮುಗಿದ ಮೇಲೆ ತಲೆಯೆತ್ತದೆ "ಆರು" ಎಂದೆ. ಹತ್ತಕ್ಕೆ ಆರು. ಈ ದೇಶದಲ್ಲಿ ಆರು ಎಂದರೆ ಪಾಸು, ಆದರೆ ಯಾರಿಗೂ ಹೇಳಿಕೊಳ್ಳುವಂಥ ಪಾಸಲ್ಲ.

"ಊರವ್ರಿಗೆಲ್ಲ ಗಂಟೆಗಟ್ಲೆ ಮಾತಾಡ್ತೀಯ, ನಂಗೆ ಮಾತ್ರ ಒಂದು ನಂಬರ್ರಾ?" ಎಂದಳು.

ಮಾತಿಗೆ ಮಾತು ಬೆಳೆಯಿತು. ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅವಳು ಅಂದದ್ದನ್ನಂತೂ ಬೇಡವೇ ಬೇಡ. ಆ ವಾರವೇ ಬ್ಯಾಗು ತುಂಬಿಕೊಂಡು ನದಿಯಾಚೆ ಗೆಳತಿಯರ ಮನೆಗೆ ಹೋದಳು. ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು, ಅದು ಆ ಕಡೆಗೆ ಹತ್ತಿರವೂ ಆಗುತ್ತಿತ್ತು. ಆಮೇಲೆ ಫೋನಿಲ್ಲ, ಮಾತಿಲ್ಲ. ನಾನೂ ಮಾಡಲಿಲ್ಲ. ನನ್ನ ಮಗಳಲ್ಲವೇ, ನನ್ನಷ್ಟೇ ಹಟ.

ಅಕ್ಟೋಬರಿನಲ್ಲಿ ಇದ್ದಕ್ಕಿದ್ದಂತೆ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ಮಮಾ, ನಿಮ್ಮ ವರ್ಷದ ಪಟ್ಟಿಗೆ ಒಂದು ಹಾಡು ಕಳಿಸಿದ್ದೀನಿ. ಬೇರೆ ಹೆಸ್ರಲ್ಲಿ. ಯಾವ್ದು ಅಂತ ಹೇಳಲ್ಲ. ನಾನು ಯಾರು ಅಂತ ಗೊತ್ತಿಲ್ದೆ ನೀನು ಏನಂತೀಯೋ ಅದನ್ನ ರೇಡಿಯೋದಲ್ಲಿ ಕೇಳ್ಬೇಕು ನಂಗೆ. ಕೇಳಾದ್ಮೇಲೆ ಡಿಸೆಂಬರ್ ಮೂವತ್ತೊಂದಕ್ಕೆ ಮನೆಗೆ ಬರೋದೋ ಬೇಡ್ವೋ ನೋಡ್ತೀನಿ."

"ನಿಲ್ಡಾ, ನೀನು ಊಟ—" ಎನ್ನುವಷ್ಟರಲ್ಲಿ ಇಟ್ಟುಬಿಟ್ಟಳು.

ನಮ್ಮ ಪಟ್ಟಿ ಹೇಗೆ ಆಗುತ್ತದೆ ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ವರ್ಷದ ಕೊನೆಯ ಶನಿವಾರ ಬೆಳಿಗ್ಗೆ ಒಂದು ಕೋಣೆಯಲ್ಲಿ ಕೂತು ಇಪ್ಪತ್ತು ಹಾಡು ಆರಿಸುತ್ತೇವೆ. ಅದೇ ಮಧ್ಯಾಹ್ನ ಇಪ್ಪತ್ತರಿಂದ ಒಂದರವರೆಗೆ ಪ್ರಸಾರ. ನಡುವೆ ರಾತ್ರಿ ಬಂದರೆ ಮನಸ್ಸು ಮೆತ್ತಗಾಗುತ್ತದೆ ಎಂದು ಸ್ಟೇಷನ್ ನಡೆಸುವ ಸೀಬ್ರೆನ್ ಮಾಡಿದ ಏರ್ಪಾಡು ಇದು. ಮೊದಲ ಹದಿನೈದು ಜಾಗ ಹೆಸರಾದವರಿಗೆ. ಇನ್ನೈದು ಜಾಗ ಊರಿನ ಹುಡುಗ ಹುಡುಗಿಯರು ಮನೆಯಲ್ಲೇ ಮಾಡಿ ಕಳಿಸಿದ ಹಾಡುಗಳಿಗೆ, ಅವನ್ನು ಹೆಸರು ತಿಳಿಯದೆ ಕೇಳುತ್ತೇವೆ. ಹೆಸರು ಸೀಬ್ರೆನ್‌ನ ಕಂಪ್ಯೂಟರಿನಲ್ಲಿ ಮುಚ್ಚಿಟ್ಟಿರುತ್ತದೆ. ಅಂಕವೆಲ್ಲ ಮುಗಿಯುವ ತನಕ ಅವನೂ ತೆರೆಯುವುದಿಲ್ಲ.

ಮೇಜಿನ ನಡುವೆ ಒಂದು ಕತ್ತರಿ ಇರುತ್ತದೆ, ಕಿತ್ತಳೆ ಬಣ್ಣದ ಹಿಡಿಕೆಯ ಅಡುಗೆಮನೆ ಕತ್ತರಿ. ಅಂಕ ಹಾಕುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಅದನ್ನು ಎತ್ತಿ ಮುಂದಿಡಬಹುದು. ಇಟ್ಟ ಕ್ಷಣ ಹಾಡು ಅಲ್ಲಿಗೇ ನಿಲ್ಲುತ್ತದೆ, ಬೇರೆಯವರು ಏನೇ ಬಡಿದುಕೊಂಡರೂ ಅದು ಪಟ್ಟಿಯಿಂದ ಹೊರಗೆ. ಆದರೆ ಇಟ್ಟವರು ಯಾಕೆಂದು ಒಂದೇ ಒಂದು ಮಾತಿನಲ್ಲಿ ಮೈಕಿಗೆ ಹೇಳಬೇಕು, ಮಧ್ಯಾಹ್ನ ಅದು ಪ್ರಸಾರವಾಗಬೇಕು. ನನ್ನ ಕತ್ತರಿ ಮಾತಿಗಾಗಿ ಜನ ಕಾದು ಕೂರುತ್ತಾರೆ. ಇನ್ನೊಂದು ನಿಯಮ: ಹಾಡಿದವರು ನಮ್ಮ ರಕ್ತಸಂಬಂಧ ಎಂದು ಗೊತ್ತಾದರೆ ತಕ್ಷಣ ಎದ್ದು ಬಾಗಿಲಾಚೆ ಹೋಗಬೇಕು. ಯಾವುದು ಎಂದು ಗೊತ್ತಿಲ್ಲದೆ ಸುಮ್ಮನೆ ಎದೆ ಹೊಡೆದುಕೊಳ್ಳುವವಳು ಏನು ಮಾಡಬೇಕು ಎಂಬುದಕ್ಕೆ ಯಾವ ನಿಯಮವೂ ಇರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಆ ಶನಿವಾರ ಕೋಣೆಯಲ್ಲಿ ನಾವು ನಾಲ್ವರು. ಸೀಬ್ರೆನ್ ಹಾಡು ಹಾಕುವವನು, ಅಂಕ ಹಾಕುವವನಲ್ಲ. ಅಂಕ ಹಾಕುವವರು ಮೂವರು. ಒಬ್ಬ ಹಂಫ್ರಿ, ಸುರಿನಾಮಿನಿಂದ ಬಂದ ಹಳೆಯ ಡ್ರಮ್ಮು ವಾದಕ, ಬಾಯಿ ತೆರೆದರೆ ತಮಾಷೆ. ಇನ್ನೊಬ್ಬಳು ಇಕ್ರಾಮ್, ಮೊರಾಕೊ ಮೂಲದ ಹುಡುಗಿ, ಹಿಪ್-ಹಾಪ್ ಎಂದರೆ ಪ್ರಾಣ. ನನ್ನ ಅರ್ಧ ವಯಸ್ಸಿನವಳು, ಚಿಕ್ಕಮ್ಮನನ್ನು ಕರೆದ ಹಾಗೆ ನನ್ನನ್ನು ಟಾಂಟೆ ಎನ್ನುತ್ತಾಳೆ. ಮೂರನೆಯವಳು ನಾನು.

ಹೆಸರಾದವರ ಜಗಳ ಮೊದಲು. ಹಂಫ್ರಿಗೆ ಬೇಸಿಗೆಯಿಡೀ ಕಾಫಿ ಅಂಗಡಿಗಳ ಹೊರಗೆ ಕೇಳಿಸುತ್ತಿದ್ದ ಆ ಕುಣಿಸುವ ಪಾಪ್ ಹಾಡು ಮೊದಲನೆಯ ಜಾಗಕ್ಕೆ ಬೇಕು. ಇಕ್ರಾಮಳಿಗೆ ದಕ್ಷಿಣದ ಬಡಾವಣೆಯ ರ‍್ಯಾಪರ್ ಒಬ್ಬನ ಹಾಡು ಬೇಕು, ತಾಳಕ್ಕೆ ಸಿಕ್ಕದೆ ಹಿಂದೆ ಹಿಂದೆಯೇ ನಡೆಯುವ ಹಾಡು.

"ಅವ್ನು ತಾಳದ ಹಿಂದೆ ಬರ್ತಿದಾನೋ, ಬಸ್ಸು ತಪ್ಪಿಸ್ಕೊಂಡು ಬರ್ತಿದಾನೋ?" ಎಂದ ಹಂಫ್ರಿ.

"ತಾತ, ನಿನ್ನ ಹಾಡಿನ ಪಲ್ಲವಿ ಹಲ್ಲುಜ್ಜೋ ಪೇಸ್ಟಿನ ಜಾಹೀರಾತು. ಕೇಳಿದ್ರೆ ಬಾಯಿ ಮುಕ್ಕಳಿಸ್ಬೇಕು ಅನ್ಸತ್ತೆ."

"ಬೇಸಿಗೇಲಿ ನೀನೇ ಕುಣಿದೆ ಅದಕ್ಕೆ. ನೋಡಿದೀನಿ ನಾನು."

"ಕುಣಿಯೋದಕ್ಕೂ ಮೊದ್ಲನೇ ಜಾಗ ಕೊಡೋದಕ್ಕೂ ವ್ಯತ್ಯಾಸ ಇಲ್ವಾ?"

ಬೇರೆ ವರ್ಷವಾಗಿದ್ದರೆ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದೆ. ಆ ಪಾಪ್ ಹಾಡಿನ ಸೊಗಸು ಪಲ್ಲವಿಯಲ್ಲಿಲ್ಲ, ಪಲ್ಲವಿಗೆ ಮುಂಚೆ ಹಾಡಿದವಳು ಉಸಿರೆಳೆದುಕೊಳ್ಳುವ ಜಾಗದಲ್ಲಿದೆ. ರ‍್ಯಾಪರ್ ಹುಡುಗ ಹಿಂದೆ ನಡೆಯುವುದು ಸೋಮಾರಿತನದಿಂದಲ್ಲ, ಅವನಿಗೆ ಹೋಗಬೇಕಾದ ಜಾಗಕ್ಕೆ ಹೋಗಲು ಭಯ. ಇದನ್ನೆಲ್ಲ ಹೇಳಬಹುದಿತ್ತು. "ನಿಮಗೆ ಬೇಕಾದ ಹಾಗೆ ಮಾಡ್ಕೊಳ್ಳಿ" ಎಂದೆ.

ಹಂಫ್ರಿ ಕನ್ನಡಕದ ಮೇಲಿಂದ ನೋಡಿದ. "ಏನಮ್ಮಾ ತಾಯಿ, ಜ್ವರ ಬಂದಿದ್ಯಾ?"

ಇಕ್ರಾಮಳ ಹಾಡು ಗೆದ್ದಿತು. ಆಮೇಲೆ ಊರಿನ ಹಾಡುಗಳ ಸರದಿ, ಐದು ಜಾಗಕ್ಕೆ ಹನ್ನೆರಡು ಹಾಡು. ಸೀಬ್ರೆನ್ ಎಣ್ಣೆಯಲ್ಲಿ ಕರಿದ ಉಂಡೆಗಳ ತಟ್ಟೆಯನ್ನು ನಮ್ಮ ಕಡೆ ತಳ್ಳಿ, ಸಕ್ಕರೆ ಪುಡಿ ಅಂಟಿದ ಬೆರಳನ್ನು ಪ್ಯಾಂಟಿಗೆ ಒರೆಸಿ, ಮೊದಲನೆಯದನ್ನು ಹಾಕಿದ. ಮೊದಲನೆಯದು ಹುಡುಗನ ದನಿ. ಎದೆ ಹಗುರಾಯಿತು, ಏಳು ಕೊಟ್ಟೆ. ಎರಡನೆಯದು ಹುಡುಗಿ! ಕುರ್ಚಿಯ ತುದಿಗೆ ಬಂದೆ. ಹತ್ತನೇ ಕ್ಲಾಸಿನ ಪ್ರೇಮ, ಮೇಲಿನ ಸ್ವರ ತೆಳ್ಳಗೆ, ನಮ್ಮವಳದಲ್ಲ. ಮೂರನೆಯದು ಇಬ್ಬರು ಅಣ್ಣತಮ್ಮಂದಿರದು. ಪ್ರತಿ ಹಾಡು ಶುರುವಾದಾಗಲೂ ನಾನು ಉಸಿರು ಹಿಡಿಯುತ್ತಿದ್ದೆ, ಅದು ಅವಳದಲ್ಲ ಎಂದು ತಿಳಿದ ಮೇಲೆ ಬಿಡುತ್ತಿದ್ದೆ. ಹಾಡನ್ನು ಕೇಳುತ್ತಿರಲಿಲ್ಲ, ಮಗಳನ್ನು ಹುಡುಕುತ್ತಿದ್ದೆ. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಇವೆರಡೂ ಬೇರೆ ಎಂದು ಗೊತ್ತಿರಬೇಕಿತ್ತು.

ಆಗ ಕಣ್ಣು ಕತ್ತರಿಯ ಮೇಲೆ ಬಿತ್ತು. ನನ್ನ ಕೈಯ ಗುಣ ನನಗೆ ಗೊತ್ತು. ಒಂದು ಕೆಟ್ಟ ಸಾಲು ಕಿವಿಗೆ ಬಿದ್ದರೆ ಸಾಕು, ಯೋಚಿಸುವ ಮುಂಚೆಯೇ ಕತ್ತರಿ ಎತ್ತಿರುತ್ತೇನೆ. ಅಕಸ್ಮಾತ್ ಅದು ನಿಲ್ಡಾಳ ಹಾಡಿನ ಮೇಲೆ ಬಿದ್ದರೆ? ಉಪಾಯ ಹೊಳೆಯಿತು. ಖಂಡಿತ ಅವಳದಲ್ಲದ ಹಾಡೊಂದು ಬಂದ ಕೂಡಲೇ ಅದರ ಮೇಲೆ ಕತ್ತರಿ ಇಟ್ಟುಬಿಡುವುದು. ಆಮೇಲೆ ಈ ವರ್ಷಕ್ಕೆ ನನ್ನ ಕೈಯಲ್ಲಿ ಕತ್ತರಿಯೇ ಇರುವುದಿಲ್ಲ, ಮಗಳು ಕ್ಷೇಮ. ಎಷ್ಟು ಜಾಣೆ ನಾನು ಎಂದುಕೊಂಡೆ.

ನಾಲ್ಕನೆಯ ಹಾಡು ಬಂತು. ಹೆಣ್ಣು ದನಿಯೇ, ಆದರೆ ಯಂತ್ರದಲ್ಲಿ ತಗ್ಗಿಸಿ, ಹೊಗೆ ಹಿಡಿದ ಗಂಟಲಿನ ಹಾಗೆ ಮಾಡಿ, ಹಾಡದೆ ಪಿಸುಗುಟ್ಟುವ ರ‍್ಯಾಪು. ಹಿಂದೆ ಗಡಗಡ ತಿರುಗುವ ಏನೋ ಒಂದು ಸದ್ದೇ ತಾಳ. ಮಾತೆಲ್ಲ ಬಟ್ಟೆ ಒಗೆಯುವ ಕಾರ್ಖಾನೆಯದು: ಆಸ್ಪತ್ರೆಯ ಹಾಸಿಗೆ ಬಟ್ಟೆ, ಕಲೆ, ಬಿಸಿ ಹಬೆ, ಎದುರು ನಿಂತು ಮಡಿಸುವ ಹೆಂಗಸಿನ ಭಾಷೆ ತನಗೆ ಬಾರದು, ತನ್ನದು ಅವಳಿಗೆ ಬಾರದು. ನನ್ನ ಮಗಳು ಮಾರುವುದು ಅಂಗಡಿಯ ಹೊಸ ಅಂಗಿ. ನನ್ನ ಮಗಳು ಹಾಡುವುದು ಬಾಯಿ ತುಂಬಾ, ನಮ್ಮ ದ್ವೀಪದ ರಾಗದಲ್ಲಿ. ಇದು ಅವಳದಾಗಲು ಸಾಧ್ಯವೇ ಇರಲಿಲ್ಲ.

ಇಕ್ರಾಮ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಎರಡನೆಯ ಚರಣ ಇನ್ನೂ ಮುಗಿದಿರಲಿಲ್ಲ, ಕತ್ತರಿ ಎತ್ತಿ ಟಪ್ಪೆಂದು ಮುಂದಿಟ್ಟೆ.

"ಟಾಂಟೆ! ಏನ್ ಮಾಡ್ತಿದೀಯಾ? ಇನ್ನೂ ಹಾಡು ಬಿಚ್ಕೊಳ್ತಾ ಇದೆ!"

"ನಿಯಮ ನಿಯಮ" ಎಂದ ಸೀಬ್ರೆನ್, ಹಾಡು ನಿಲ್ಲಿಸಿ ಮೈಕನ್ನು ನನ್ನ ಬಾಯಿಗೆ ಹಿಡಿದ.

ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಬಾಯಿ ತೆರೆಯಿತು. "ಈ ಹುಡುಗಿ ಮಾತನ್ನ ಮನೇಲಿ ಯಾರೂ ಕಿವಿಗೇ ಹಾಕ್ಕೊಂಡಿಲ್ಲ ಅನ್ಸತ್ತೆ, ಅದಕ್ಕೇ ಹಾಸಿಗೆ ಬಟ್ಟೆ ಲೆಕ್ಕ ತಂದು ನಮ್ಮ ತಲೆ ತಿಂತಿದಾಳೆ."

ಹಂಫ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಂದ್ಲಪ್ಪ ನಮ್ಮ ಜುಲ್ಮಿರಾ! ಜ್ವರ ಬಿಡ್ತು!"

ಇಕ್ರಾಮ್ ನಗಲಿಲ್ಲ. ನನಗೆ ಮಾತ್ರ ಹಾಯೆನಿಸಿತು. ಇನ್ನು ಯಾವ ಹಾಡು ಬಂದರೂ ನನ್ನಿಂದ ಅದಕ್ಕೆ ಕೇಡಿಲ್ಲ.

ಕೊನೆಗೆ ಎರಡು ಹಾಡು ಉಳಿದಿದ್ದಾಗ ಅದು ಬಂತು. ಮೊದಲ ಸದ್ದಿಗೇ ನನ್ನ ಮೈ ಜುಮ್ಮೆಂದಿತು. ಅಕಾರ್ಡಿಯನ್! ಅದೂ ನಮ್ಮ ಕೇಪ್ ವರ್ಡಿನ ಮದುವೆ ಮನೆಗಳಲ್ಲಿ ನುಡಿಸುವ ರೀತಿಯಲ್ಲಿ, ಜೊತೆಗೆ ಕಬ್ಬಿಣದ ಸರಳಿನ ಮೇಲೆ ಚಾಕು ಉಜ್ಜುವ ತಾಳ. ಮೇಲೆ ಸ್ವಲ್ಪ ಒಡೆದ ದನಿಯ ಹುಡುಗಿ, ಅತ್ತು ಅತ್ತು ಒಡೆದಿರಬೇಕು ಎಂದುಕೊಂಡೆ. ಮಮಾ, ನಿನ್ನ ಕಿಟಕಿಯಲ್ಲಿ ದೀಪ ಕಾಣುತ್ತಿದೆ, ನಾನು ಟ್ರ್ಯಾಮಿನಿಂದ ಇಳಿಯಲಿಲ್ಲ. ಮಮಾ, ಬೈದರೂ ಪರವಾಗಿಲ್ಲ, ನಿನ್ನ ದನಿ ಕೇಳಬೇಕು. ನಮ್ಮ ಮನೆಯ ಮುಂದೆಯೇ ಟ್ರ್ಯಾಮು ಹೋಗುತ್ತದೆ. ಕಣ್ಣಲ್ಲಿ ನೀರು ತುಂಬಿತು. ಇಷ್ಟು ತಿಂಗಳು ನನ್ನ ಮಗು ಟ್ರ್ಯಾಮಿನಲ್ಲಿ ಕೂತು ನನ್ನ ಕಿಟಕಿ ನೋಡುತ್ತಿತ್ತೇ?

ಎದ್ದು ನಿಂತೆ. "ನಂದು" ಎಂದೆ. "ಅಂದ್ರೆ, ನನ್ನ ಮಗಳದು. ನಾನು ಹೊರಗಿರ್ತೀನಿ."

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಆ ಕಾರಿಡಾರಿನಲ್ಲಿ ಒಂದು ಕೆಟ್ಟುಹೋದ ಕಾಫಿ ಯಂತ್ರ, ಒದ್ದೆ ಕೊಡೆಗಳ ಡಬ್ಬ, ಹೀಟರಿನ ಮೇಲೆ ಯಾರದೋ ಕೈಗವಸು. ನಿಂತೆ, ಕೂತೆ, ಮತ್ತೆ ನಿಂತೆ. ಬಾಗಿಲ ಸಂದಿಯಲ್ಲಿ ಅಕಾರ್ಡಿಯನ್ನು ಸಣ್ಣಗೆ ಕೇಳಿಸುತ್ತಿತ್ತು. ಒಳಗೆ ಹಂಫ್ರಿ ಏನೋ ಅಂದ, ಇಕ್ರಾಮ್ ಏನೋ ಅಂದಳು, ಮತ್ತೆ ಸದ್ದಿಲ್ಲ. ಎಷ್ಟು ಕೊಡುತ್ತಿದ್ದಾರೋ? ಇಕ್ರಾಮ್ ಜಿಪುಣಿ, ಅಕಾರ್ಡಿಯನ್ ಎಂದರೆ ಮುಖ ಸಿಂಡರಿಸುವವಳು. ನನ್ನ ಮೇಲಿನ ಸಿಟ್ಟನ್ನು ಮಗಳ ಮೇಲೆ ತೀರಿಸಿಬಿಟ್ಟರೆ? ಮೂವತ್ತೊಂದಕ್ಕೆ ನಮ್ಮೂರಿನ ಹಬ್ಬದಡುಗೆ ಕಚುಪಾ ಮಾಡಬೇಕು, ಜೋಳ ಹಿಂದಿನ ದಿನವೇ ನೆನೆಹಾಕಬೇಕು ಎಂದು ಕೂಡ ಲೆಕ್ಕ ಹಾಕುತ್ತಿದ್ದೆ. ಹುಚ್ಚಿ.

ಬಾಗಿಲು ತೆರೆದು ಹಂಫ್ರಿ ಹೆಬ್ಬೆರಳು ಎತ್ತಿ ತೋರಿಸಿದ. "ಬಾರಮ್ಮ ಒಳಗೆ. ಎಂಟೂವರೆ, ಎಂಟು. ನಿನ್ನ ಮಗಳು ನಿನ್ನ ಹಾಗೆ ಅಲ್ಲ, ಮನುಷ್ಯರ ಹಾಗೆ ಮಾತಾಡ್ತಾಳೆ."

ನಾನು ಅವನನ್ನು ತಬ್ಬಿಕೊಂಡೆ. ಉಳಿದ ಒಂದು ಹಾಡಿಗೆ ಏನು ಕೊಟ್ಟೆನೋ ನೆನಪಿಲ್ಲ. ಎಲ್ಲ ಮುಗಿದು, ಸೀಬ್ರೆನ್ ಕಂಪ್ಯೂಟರಿನ ಮೇಲೆ ಬಾಗಿ ಹೆಸರು ತೆರೆದ.

"ಅಕಾರ್ಡಿಯನ್ ಹಾಡು..." ಎಂದು ಓದಲು ಹೋಗಿ ತಡೆದ. "ಇಲ್ಲಿ ಮಾರಿಟ್ ಅಂತಿದೆ. ಪಕ್ಕದೂರು ಸ್ಕೀಡಾಮಿನ ಹುಡುಗಿ. ಪಕ್ಕದ ಮನೆಯ ಕೇಪ್ ವರ್ಡ್ ಅಜ್ಜನ ಹತ್ರ ಅಕಾರ್ಡಿಯನ್ ಕಲಿತ್ಲಂತೆ."

"ಅದು ಅಡ್ಡಹೆಸ್ರು. ಬೇರೆ ಹೆಸ್ರಲ್ಲಿ ಕಳಿಸ್ತೀನಿ ಅಂದಿದ್ಲು."

"ಅಡ್ಡಹೆಸ್ರಲ್ಲ, ಜುಲ್ಮಿರಾ. ಫೋಟೋನೂ ಕಳಿಸಿದಾಳೆ. ಕೆಂಪು ಕೂದಲು." ಅವನು ಪರದೆಯನ್ನು ಕೆಳಕ್ಕೆ ಸರಿಸಿದ. ಇನ್ನೂ ಕೆಳಕ್ಕೆ. ಅವನ ಬೆರಳು ನಿಂತಿತು. ಮುಖ ನೋಡಿದೆ, ಆ ಮುಖವನ್ನು ನಾನು ಮರೆಯಲಾರೆ. "ಸ್ವಲ್ಪ ಕೂತ್ಕೋ" ಎಂದ.

"ನಿಂತೇ ಇರ್ತೀನಿ, ಹೇಳು."

"ನಾಲ್ಕನೇದು. ಅಡ್ಡಹೆಸ್ರಿನ ಕೆಳಗೆ ನಿಜವಾದ ಹೆಸ್ರಿದೆ, ಇವಾನಿಲ್ಡಾ ಟವಾರೆಸ್."

ನಾಲ್ಕನೆಯದು ಯಾವುದು ಎಂದು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಕತ್ತರಿ ಇನ್ನೂ ನನ್ನ ಮುಂದೆಯೇ ಬಿದ್ದಿತ್ತು.

ಹಂಫ್ರಿ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ. ಬಟ್ಟೆ ಅಂಗಡಿಯಲ್ಲ ಹಾಗಾದರೆ, ಬಟ್ಟೆ ಒಗೆಯುವ ಕಾರ್ಖಾನೆ. ಯಾವಾಗಿನಿಂದ? ನಾನು ಕೇಳಿದ್ದರೆ ತಾನೇ. ತಾಯಿಗಾಗಿ ಹಂಬಲಿಸುವ ಹಾಡು ಬಂದ ಕೂಡಲೇ "ನನ್ನ ಮಗಳದು" ಎಂದು ಎದ್ದು ನಿಂತವಳು ನಾನು. ನಾನು ಎಲ್ಲೂ ಇಲ್ಲದ ಹಾಡು ನನ್ನ ಮಗಳದಾಗಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು. ಅಕ್ಟೋಬರಿನ ಫೋನಿನ ಮಾತನ್ನೂ ಮೂವತ್ತೊಂದರ ಷರತ್ತನ್ನೂ ಆಗ ಮೂವರಿಗೂ ಹೇಳಿದೆ.

ಸೀಬ್ರೆನ್ ಒಳ್ಳೆಯವನು, ದಾರಿ ಹುಡುಕಿದ. "ನೋಡು, ರಕ್ತಸಂಬಂಧ ಅಂದ್ಮೇಲೆ ನಿನ್ನ ಕತ್ತರಿ ಲೆಕ್ಕಕ್ಕಿಲ್ಲ. ನೀನು ಹೊರಗೆ ಹೋಗು, ಇವರಿಬ್ರೂ ಪೂರ್ತಿ ಕೇಳಿ ಅಂಕ ಹಾಕ್ಲಿ."

ಮತ್ತೆ ಕಾರಿಡಾರು, ಮತ್ತೆ ಆ ಕೈಗವಸು. ಈ ಸಲ ಕಿವಿ ಕೊಡುವ ಧೈರ್ಯವಾಗಲಿಲ್ಲ, ಕಾರಿಡಾರಿನ ಆ ತುದಿಗೆ ಹೋಗಿ ನಿಂತೆ. ಕರೆದಾಗ ಒಳಗೆ ಬಂದೆ. ಇಕ್ರಾಮಳ ಕಣ್ಣು ಕೆಂಪಾಗಿತ್ತು. ಹಾಡು ಹದಿನಾರನೆಯ ಜಾಗಕ್ಕೆ, ಊರಿನ ಹಾಡುಗಳಲ್ಲಿ ಎಲ್ಲಕ್ಕಿಂತ ಮೇಲೆ, ಬಂದಿತ್ತು.

"ಇನ್ನು ನಿನ್ನ ಕತ್ತರಿ ಮಾತು" ಎಂದ ಸೀಬ್ರೆನ್. "ಅಳಿಸಿಬಿಡ್ತೀನಿ. ಈ ವರ್ಷ ಜುಲ್ಮಿರಾ ಕತ್ತರಿ ಎತ್ಲೇ ಇಲ್ಲ ಅಂದ್ರಾಯ್ತು. ಹಾಡು ಪಟ್ಟೀಲಿದೆ, ಹುಡುಗಿ ಖುಷಿಯಾಗ್ತಾಳೆ. ಯಾರಿಗೂ ಗೊತ್ತಾಗಲ್ಲ."

"ನಮ್ಗೆ ಗೊತ್ತಲ್ಲ" ಎಂದಳು ಇಕ್ರಾಮ್. "ಟಾಂಟೆ, ಅವಳು ಕೇಳಿದ್ದೇನು? ನಾನ್ಯಾರು ಅಂತ ಗೊತ್ತಿಲ್ದೆ ಏನಂತೀಯೋ ಅದು ಬೇಕು ಅಂದಿದ್ಲಲ್ವಾ? ಅಂದಾಗಿದೆ. ಅದನ್ನ ಬಚ್ಚಿಟ್ಟು ಅವಳನ್ನ ಮನೆಗೆ ಕರೆಸ್ಕೊಂಡ್ರೆ ಅದು ಮೋಸ."

"ನಿಂಗೆ ಮಕ್ಕಳಿಲ್ಲ, ಸುಮ್ನಿರು!"

"ಸುಮ್ನಿರ್ತೀನಿ. ಆದ್ರೆ ಮಗಳಂತೂ ಹೌದಲ್ವಾ ನಾನು, ನಂಗೂ ಅಮ್ಮ ಇದ್ದಾಳೆ."

"ಬಿಡೇ ಹುಡುಗಿ" ಎಂದ ಹಂಫ್ರಿ ಮೆಲ್ಲಗೆ. "ಹಬ್ಬದ ವಾರ."

ನನಗೆ ಮಗಳು ಬೇಕಿತ್ತು. ಸತ್ಯ ಗಿತ್ಯ ಎಲ್ಲ ಆಮೇಲೆ. ಬಾಗಿಲಲ್ಲಿ ಅವಳು ನಿಂತು ಬೂಟು ಬಿಚ್ಚುವುದನ್ನು ನೋಡಬೇಕಿತ್ತು. "ಅಳಿಸು" ಎಂದೆ. ಸೀಬ್ರೆನ್ ಒಂದು ಗುಂಡಿ ಒತ್ತಿದ, ನನ್ನ ಮಾತು ಹೋಯಿತು. ಇಕ್ರಾಮ್ ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು.

ಮಧ್ಯಾಹ್ನ ಪ್ರಸಾರ ಶುರುವಾಯಿತು. ಕೆಂಪು ದೀಪ ಹತ್ತಿತು. ಇಪ್ಪತ್ತು, ಹತ್ತೊಂಬತ್ತು. ಪ್ರತಿ ಹಾಡಿನ ಮುಂದೆ ಹೆಸರು, ಹಾಡಾದ ಮೇಲೆ ನಮ್ಮಲ್ಲೊಬ್ಬರ ಮಾತು. ಹಂಫ್ರಿ ನಗಿಸಿದ, ನಾನು ನಗಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ನದಿಯಾಚೆ ಎಲ್ಲೋ ಅವಳು ಕೂತು ಕೇಳುತ್ತಿದ್ದಾಳೆ, ಒಂದೊಂದು ಮಾತನ್ನೂ ತೂಗುತ್ತಿದ್ದಾಳೆ.

"ಹದಿನಾರು" ಎಂದ ಸೀಬ್ರೆನ್. "ಹಾಡಿನ ಹೆಸರು ಮೂಲೆಗೆ ಮೂಲೆ."

ಹೆಸರು ಕೇಳಿಯೇ ಬೆಚ್ಚಿದೆ. ಹಾಡು ಶುರುವಾಯಿತು. ಗಡಗಡ ತಿರುಗುವ ಸದ್ದು, ಈಗ ತಿಳಿಯಿತು, ಒಗೆಯುವ ಯಂತ್ರದ್ದೇ. ಮೊದಲ ಚರಣ, ಎರಡನೆಯ ಚರಣ, ನಾನು ಕತ್ತರಿ ಇಟ್ಟ ಜಾಗ. ದಾಟಿತು. ಆಮೇಲೆ ಯಂತ್ರದ ದನಿ ಕಳಚಿ ಬಿತ್ತು, ನಿಲ್ಡಾಳ ಬರಿಯ ದನಿ ಬಂತು. ಎದುರಿನ ಹೆಂಗಸಿನ ಜೊತೆ ಚಾದರ ಹಿಡಿದು ಹತ್ತಿರ ಹತ್ತಿರ ನಡೆಯುತ್ತಾಳೆ. ಭಾಷೆ ಇಲ್ಲ, ಕೈಸನ್ನೆಯಲ್ಲೇ ಅವಳಿಗೆ ಕಲಿಸುತ್ತಾಳೆ: ಮೂಲೆಗೆ ಮೂಲೆ, ಹೆಬ್ಬೆರಳು ಒಳಗೆ. ಇದು ನನ್ನ ಅಜ್ಜಿಯ ಕೈ, ನಾನು ಅದರ ಬೆರಳ ತುದಿ ಮಾತ್ರ ಎನ್ನುತ್ತಾಳೆ.

ಮೂಲೆಗೆ ಮೂಲೆ ಎಂಬುದು ನನ್ನ ತಾಯಿಯ ಮಾತು. ಬಾಲ್ಕನಿಯಲ್ಲಿ ಪುಟ್ಟ ನಿಲ್ಡಾಳನ್ನು ನಿಲ್ಲಿಸಿಕೊಂಡು ಅಮ್ಮ ಚಾದರ ಮಡಿಸುತ್ತಿದ್ದಾಗ ಹೇಳುತ್ತಿದ್ದದ್ದು. ನಾನು ಒಳಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಯಾರದೋ ಹಾಡಿಗೆ ಅಂಕ ಹಾಕುತ್ತಾ ಕೂತಿರುತ್ತಿದ್ದೆ. ಮೇಜಿನ ಅಂಚು ಹಿಡಿದುಕೊಂಡೆ.

ಹಾಡು ಮುಗಿಯಿತು. ಈ ಹಾಡಿಗೆ ಇಕ್ರಾಮ್ ಮಾತಾಡಬೇಕೆಂದು ಗೊತ್ತಾಗಿತ್ತು. ನಾನು ಅವಳ ಮೈಕನ್ನು ನನ್ನ ಕಡೆ ಎಳೆದುಕೊಂಡೆ. ಸೀಬ್ರೆನ್ ಗಾಜಿನಾಚೆಯಿಂದ ಬೇಡ ಬೇಡ ಎಂದು ಕೈಯಾಡಿಸಿದ.

"ನಾನು ಜುಲ್ಮಿರಾ" ಎಂದೆ. "ಈ ಹಾಡಿನ ಮೇಲೆ ಬೆಳಿಗ್ಗೆ ನಾನು ಕತ್ತರಿ ಇಟ್ಟಿದ್ದೆ. ಈ ಹುಡುಗಿ ಮಾತನ್ನ ಮನೇಲಿ ಯಾರೂ ಕಿವಿಗೇ ಹಾಕ್ಕೊಂಡಿಲ್ಲ ಅನ್ಸತ್ತೆ, ಅದಕ್ಕೇ ಹಾಸಿಗೆ ಬಟ್ಟೆ ಲೆಕ್ಕ ತಂದು ನಮ್ಮ ತಲೆ ತಿಂತಿದಾಳೆ ಅಂದೆ. ಆ ಮಾತನ್ನ ಅಳಿಸಿ ಹಾಕ್ಸಿದೆ, ನಿಮಗೆ ಕೇಳಿಸಬಾರ್ದು ಅಂತ. ಈ ಹುಡುಗಿ ನನ್ನ ಮಗಳು. ನಾನು ಅಂದದ್ರಲ್ಲಿ ಅರ್ಧ ನಿಜ. ಮನೇಲಿ ಯಾರೂ ಕೇಳಿಸ್ಕೊಂಡಿಲ್ಲ. ಆ ಮನೆ ನಂದೇ."

ಸೀಬ್ರೆನ್ ಗಡಿಬಿಡಿಯಲ್ಲಿ ಹದಿನೈದನೆಯ ಹಾಡು ಹಾಕಿದ. ಹಂಫ್ರಿ ಕರವಸ್ತ್ರ ಕೊಟ್ಟ. ಇಕ್ರಾಮ್ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. ಒಂದನೆಯ ಹಾಡಿನವರೆಗೂ ಹೇಗೆ ಕೂತಿದ್ದೆನೋ ಗೊತ್ತಿಲ್ಲ. ಜನರ ಸಂದೇಶಗಳು ಮಳೆ ಬಿದ್ದ ಹಾಗೆ ಬಂದವಂತೆ, ಕೆಲವರು ಅತ್ತರಂತೆ, ಎಂಥಾ ತಾಯಿ ಎಂದರಂತೆ. ಒಳ್ಳೆಯ ಅರ್ಥದಲ್ಲೋ ಕೆಟ್ಟ ಅರ್ಥದಲ್ಲೋ ಕೇಳಲಿಲ್ಲ.

ಕೋಟು ಹಾಕಿಕೊಳ್ಳುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ನಿಲ್ಡಾ.

"ನಿಲ್ಡಾ, ಮಗು, ನಾನು..."

"ಎಲ್ಲರ ಮುಂದೆ ಹೇಳ್ದೆ" ಎಂದಳು. ದನಿ ಗಡುಸಾಗಿತ್ತು. ಹಿಂದೆ ಗಡಗಡ ಸದ್ದು, ಕೆಲಸದಲ್ಲೇ ಇದ್ದಳು. "ಇಡೀ ಊರು ನಿನ್ನ ಅಳು ಕೇಳ್ತು. ಇಲ್ಲಿ ಎಲ್ರೂ ನಿಮ್ಮಮ್ಮ ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತಾರೆ. ಹಾಡಿನ ವಿಷ್ಯ ಒಬ್ರೂ ಎತ್ತಲ್ಲ. ಮತ್ತೆ ನಿನ್ನ ಬಗ್ಗೇನೇ ಮಾತಾಡಿದೆ, ಮಮಾ."

ಕೆನ್ನೆಗೆ ಹೊಡೆದ ಹಾಗಾಯಿತು. ಬಾಯಿಗೆ ಬಂದ ಉತ್ತರಗಳೆಲ್ಲ ನನ್ನ ಬಗ್ಗೆಯೇ ಇದ್ದವು: ನನಗೆಷ್ಟು ನೋವಾಯಿತು, ನಾನೆಷ್ಟು ಧೈರ್ಯ ಮಾಡಿದೆ. ಒಂದೊಂದನ್ನೇ ನುಂಗಿದೆ.

"ಹಾಡು ಹೇಗಿತ್ತು?" ಎಂದಳು.

ನಾನು ಕಾರಿಡಾರಿನಲ್ಲಿ, ಕೊಡೆಗಳ ಡಬ್ಬದ ಪಕ್ಕ, ನೆಲದ ಮೇಲೆಯೇ ಕೂತೆ.

"ಮೊದಲ್ನೇ ಚರಣದಲ್ಲಿ ಕಲೆಗಳ ಬಗ್ಗೆ ಹೇಳ್ತೀಯಲ್ಲ, ರಕ್ತ ಒಣಗಿದ್ರೆ ಕಾಫಿ ಬಣ್ಣ ಅಂತ, ಅದು ಚೆನ್ನಾಗಿದೆ. ಅಂಥದ್ದನ್ನ ಸುಮ್ನೆ ಕೂತು ಕಲ್ಪಿಸ್ಕೊಳ್ಳೋಕಾಗಲ್ಲ. ಎರಡನೇ ಚರಣ ಉದ್ದ. ಹಬೆ ಅಂತ ಎರಡು ಸಲ ಬರತ್ತೆ, ಒಂದ್ಸಲ ಸಾಕು."

"ಬೇಕಂತ್ಲೇ ಎರಡ್ಸಲ ಹಾಕಿದ್ದು. ಇಲ್ಲಿ ಎರಡ್ಸಲ ಹಬೆ ಹೊಡಿಯತ್ತೆ ನಮಗೆ."

"ಹಾಗಾದ್ರೆ ಎರಡನೇ ಸಲ ಗಂಟಲು ಕಟ್ಬೇಕಿತ್ತು. ಕಟ್ಲಿಲ್ಲ."

ಮುಗಿಯಿತು, ಮತ್ತೆ ಕೆಡಿಸಿದೆ ಎಂದುಕೊಂಡೆ.

"ಯಂತ್ರದ ದನಿ?" ಎಂದಳು.

"ಅದನ್ನ ಇನ್ನೂ ಸ್ವಲ್ಪ ಹೊತ್ತು ಇಟ್ಕೊಂಡು ಬಿಡ್ಬೇಕಿತ್ತು. ಅಜ್ಜಿ ಬರೋ ಸಾಲಿಗೆ ಸರಿಯಾಗಿ ಬಿಟ್ಟಿದ್ರೆ... ಹೆಬ್ಬೆರಳು ಒಳಗೆ ಅನ್ನೋ ಜಾಗದಲ್ಲಿ ನೀನು ತಾಳ ಬಿಟ್ಟು ಒಂಚೂರು ನಿಲ್ತೀಯ. ಅಜ್ಜಿ ಹಾಗೇ ನಿಲ್ತಿದ್ಲು, ಚಾದರ ನೆಟ್ಟಗಾಗ್ಲಿ ಅಂತ. ಕಣ್ಣೆದುರೇ ಇದ್ರೂ ಅದನ್ನ ನಾನು ಒಂದಿನಾನೂ ಸರಿಯಾಗಿ ನೋಡಿರ್ಲಿಲ್ಲ, ನಿಲ್ಡಾ. ಇವತ್ತು ನೋಡ್ದೆ."

ಯಾರೋ ಹಿಂದಿನಿಂದ ಅವಳನ್ನು ಕೂಗಿದರು, ಅವಳು ಬಂದೆ ಎಂದಳು. ಬರುತ್ತೀಯಾ ಎಂದು ಕೇಳಬಾರದೆಂದು ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

"ಇನ್ನೂ ಇದ್ಯಾ?" ಎಂದಳು.

"ತುಂಬಾ ಇದೆ. ಕೊನೇ ಚರಣದ ಬಗ್ಗೆ ಇನ್ನೂ ಶುರುನೇ ಮಾಡಿಲ್ಲ."

"ಮಿಕ್ಕಿದ್ದನ್ನ ಮೂವತ್ತೊಂದಕ್ಕೆ ಹೇಳು. ಈರುಳ್ಳಿ ಮೊದ್ಲೇ ಹೆಚ್ಚಿಟ್ಟಿರು, ನಾನು ಮಾತಾಡ್ವಾಗ ನಿನ್ನ ಕೈಯಲ್ಲಿ ಚಾಕು ಇರಬಾರ್ದು" ಎಂದು ಫೋನು ಇಟ್ಟಳು.